ಕಡವು ಇದ್ದ ಕಡೆ

ಇಪ್ಪತ್ತೊಂದು ವರ್ಷಗಳ ಹಿಂದೆ ನಾನು ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಎರಡು ವರ್ಷಕ್ಕೆ ತುಸು ಕಡಿಮೆ ಕಾಲ ಬಾಡಿಗೆಗಿದ್ದೆ. ಓದುತ್ತಿದ್ದ ವಿಶ್ವವಿದ್ಯಾಲಯ ಪಕ್ಕದ ನಗರದಲ್ಲಿತ್ತು. ಅಲ್ಲಿ ಕೋಣೆ ಸಿಗದೆ, ರೈಲಿನಲ್ಲಿ ಅರ್ಧ ಗಂಟೆ ದೂರದ ಈ ಊರಿಗೆ ಬಂದಿದ್ದೆ. ಮನೆಯೊಡತಿ ಆಗಷ್ಟೇ ನಿವೃತ್ತರಾಗಿದ್ದ ಶಿಕ್ಷಕಿ, ಶಾಲೆಯಲ್ಲಿ ಭೂಗೋಳ ಮತ್ತು ಇತಿಹಾಸ ಕಲಿಸಿದವರು. ಈ ವರ್ಷದ ಆರಂಭದಲ್ಲಿ ಅವರ ಮಗಳಿಂದ ನನಗೊಂದು ಇಮೇಲ್ ಬಂತು. ಸಿಂಗಾಪುರದ ಬುಕಿತ್ ಪಂಜಾಂಗ್‌ನಿಂದ ಆಫೀಸಿಗೆ ಹೊರಟವಳು ಎಲ್‌ಆರ್‌ಟಿ ರೈಲಿನಲ್ಲಿ ನಿಂತುಕೊಂಡೇ ಅದನ್ನು ಓದಿದೆ.

ಈ ಮಗಳನ್ನು ನಾನು ನೋಡಿದ್ದು ಎರಡೋ ಮೂರೋ ಬಾರಿ. ಅವರು ಬರೆದದ್ದರ ಸಾರಾಂಶ ಹೀಗಿತ್ತು. ಊರಿನ ಇತಿಹಾಸ ಸಂಘದವರು ಹೊಳೆ ದಾಟುವ ಹಳೆಯ ಕಡವು ಇದ್ದ ಜಾಗದಲ್ಲಿ ಒಂದು ಫಲಕ ನಿಲ್ಲಿಸಲಿದ್ದಾರೆ. ಸಂಘದ ಪ್ರಕಾರ ಆ ಜಾಗ ಸೇತುವೆಯಿಂದ ಕೆಳಗೆ, ನೀರು ಹರಿದುಹೋಗುವ ಕಡೆ, ಹೊಳೆ ಅಗಲವಾಗಿ ಹರಡಿ ಜಲ್ಲಿಕಲ್ಲಿನ ಮೇಲೆ ಹರಿಯುವಲ್ಲಿ. ಅವರ ಅಮ್ಮನ ಪ್ರಕಾರ ಅದು ಸೇತುವೆಯಿಂದ ಮೇಲೆ, ನೀರು ಬರುವ ಕಡೆ, ಹಳೆಯ ಗಿರಣಿಯ ಬಳಿ. ನೀರು ಇಳಿದಿದ್ದ ಒಂದು ಬೇಸಿಗೆಯಲ್ಲಿ ಅಲ್ಲಿ ದಾಟುವ ದಾರಿ ತೋರಿಸಲು ಹೂತ ಗೂಟಗಳನ್ನು ಕಂಡಿದ್ದೇನೆ, ಮೇಲಿನ ಕೋಣೆಯ ಇಂಡಿಯಾದ ಹುಡುಗಿಗೂ ತೋರಿಸಿದ್ದೇನೆ, ಅವಳು ದಿನವೂ ಏನೋ ಬರೆದಿಡುತ್ತಿದ್ದಳು, ಅವಳನ್ನೇ ಕೇಳಿ ಎನ್ನುತ್ತಿದ್ದಾರೆ. ಬೇರೆ ಯಾರೂ ಆ ಗೂಟಗಳನ್ನು ಕಂಡವರಿಲ್ಲ.

'ಅಮ್ಮನಿಗೆ ಈಗ ಎಂಬತ್ತಾರು' ಎಂದು ಮಗಳು ಬರೆದಿದ್ದರು. 'ಕಳೆದ ವರ್ಷದಿಂದ ಕೆಲವು ಸಂಗತಿಗಳು ಒಂದರೊಳಗೊಂದು ಬೆರೆಯುತ್ತಿವೆ. ಸಂಘದ ಸಭೆಯಲ್ಲಿ ಎದ್ದು ನಿಂತು ಮಾತಾಡುತ್ತೇನೆಂದು ಹಠ ಹಿಡಿದಿದ್ದಾರೆ. ಸಭೆಗೆ ಬರುವವರಲ್ಲಿ ಅರ್ಧದಷ್ಟು ಜನ ಅವರ ಹಳೆಯ ವಿದ್ಯಾರ್ಥಿಗಳು. ಗೂಟಗಳು ನಿಜವಾಗಿದ್ದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲವಾದರೆ ಏನಾದರೂ ನೆಪ ಹೇಳಿ ಮನೆಯಲ್ಲೇ ಉಳಿಸಿಕೊಳ್ಳುತ್ತೇನೆ. ಅವರು ಎಲ್ಲರೆದುರು ನಗೆಪಾಟಲಾಗುವುದನ್ನು ನಾನು ನೋಡಲಾರೆ. ನಿಮ್ಮ ದಿನಚರಿ ಉಳಿದಿದೆಯೇ?'

ಚುವಾ ಚು ಕಾಂಗ್‌ನಲ್ಲಿ ಇಳಿದು ಎಂಆರ್‌ಟಿಗೆ ಬದಲಾಯಿಸುವಷ್ಟರಲ್ಲಿ ನಾನು ಉತ್ತರದ ಎರಡು ಸಾಲು ಟೈಪ್ ಮಾಡಿದ್ದೆ. ಹೌದು, ನೋಡಿದ್ದೇನೆ. ಗಿರಣಿಯ ದೊಡ್ಡ ಚಕ್ರ ತಿರುಗುತ್ತಿತ್ತು, ಅದರ ಪಕ್ಕದಲ್ಲಿ ನೀರಿನಿಂದ ಕಪ್ಪು ಗೂಟಗಳು ಎದ್ದು ನಿಂತಿದ್ದವು. ಚಿತ್ರ ಅಷ್ಟು ಸ್ಪಷ್ಟವಾಗಿತ್ತು. ಸ್ಪಷ್ಟವಾಗಿದ್ದ ಕಾರಣಕ್ಕೇ ಕಳಿಸದೆ ನಿಲ್ಲಿಸಿದೆ. ನನ್ನ ನೆನಪುಗಳಲ್ಲಿ ಅತಿ ಸ್ಪಷ್ಟವಾಗಿರುವವು ಹಲವು ಸಲ ನನಗೆ ಕೈಕೊಟ್ಟಿವೆ.

ಊರಿನ ವಿಷಯ ಸ್ವಲ್ಪ ಹೇಳಬೇಕು. ಒಂದು ಕಿರುಹೊಳೆಯ ಉತ್ತರ ದಡದಲ್ಲಿ, ತುಸು ಏರಿನ ಮೇಲೆ ಆ ಊರಿದೆ. ಹೊಳೆ ಪಶ್ಚಿಮದ ಕಾಡುಗುಡ್ಡಗಳಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಮುಂದೆ ಒಂದು ದೊಡ್ಡ ನದಿಯನ್ನು ಸೇರುತ್ತದೆ. ಊರಿನ ಬೆನ್ನಿಗಿರುವ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಅಲ್ಲಿ ಬಿಸಿಲು ಬೀಳುತ್ತದೆ, ದ್ರಾಕ್ಷಿ ಬೆಳೆಯುತ್ತದೆ. ಹೊಳೆಯ ಆಚೆಯ ಗುಡ್ಡ ನೆರಳಿನದು, ಅಲ್ಲಿ ಬರೀ ಕಾಡು. ನಡುವೆ ಕಲ್ಲಿನ ಹಳೆಯ ಸೇತುವೆ. ಈ ದಿಕ್ಕುಗಳನ್ನೆಲ್ಲ ನಾನು ಈಗ ನಕ್ಷೆಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ, ನೆನಪಿನಿಂದಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಅಲ್ಲಿ ಊರುಗಳಿಗೂ ಹುಟ್ಟುಹಬ್ಬವಿದೆ. ಊರು ಯಾವಾಗ ಹುಟ್ಟಿತೆಂದು ಯಾರಿಗೂ ಗೊತ್ತಿಲ್ಲದ್ದರಿಂದ, ಅದರ ಹೆಸರು ಮೊದಲ ಬಾರಿ ಬರವಣಿಗೆಯಲ್ಲಿ ಕಾಣಿಸಿಕೊಂಡ ವರ್ಷವನ್ನೇ ಹುಟ್ಟಿದ ವರ್ಷವೆಂದು ಹಿಡಿಯುತ್ತಾರೆ. ಈ ಊರಿನ ಹೆಸರು ಮೊದಲು ಕಾಣುವುದು ಒಂದು ಮಠಕ್ಕೆ ಕೊಟ್ಟ ದಾನಪತ್ರದಲ್ಲಿ. ಯಾರೋ ಒಬ್ಬ ಪಾಳೆಯಗಾರ ತನ್ನ ಆತ್ಮದ ಒಳಿತಿಗಾಗಿ ಒಂದು ಗಿರಣಿ, ಎರಡು ದ್ರಾಕ್ಷಿ ತೋಟ, ಕಡವಿನ ಬಳಿಯ ಮೂರು ಒಕ್ಕಲು ಇಷ್ಟನ್ನು ಸನ್ಯಾಸಿಗಳಿಗೆ ಬಿಟ್ಟುಕೊಟ್ಟ. ಮೂಲ ಪತ್ರ ಈಗಿಲ್ಲ. ಕೆಲವು ತಲೆಮಾರುಗಳ ಅನಂತರ ಅದೇ ಮಠದವರು ಮಾಡಿಕೊಂಡ ನಕಲು ಮಾತ್ರ ಇದೆ. ದಾನ ಪಡೆದವರೇ ಬರೆದುಕೊಂಡ ನಕಲನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯನ್ನು ಮನೆಯೊಡತಿ ಒಂದು ಭಾನುವಾರ ನನಗೆ ಕೇಳಿದ್ದರು. ಕೇಳಿದ್ದರು ಎಂದೇ ನನ್ನ ನೆನಪು.

ಕಡವು ಎಂಬುದು ನಾನು ಹಾಕಿದ ಪದ. ನಮ್ಮ ಉಡುಪಿ ಕಡೆ ಕಡವು ಎಂದರೆ ದೋಣಿಯಲ್ಲಿ ದಾಟಿಸುವ ಜಾಗ. ಅಲ್ಲಿನದು ಗಾಡಿ, ಎತ್ತು, ಜನ ಎಲ್ಲ ನೀರಿಗಿಳಿದೇ ದಾಟುತ್ತಿದ್ದ ಜಾಗ. ಉಪ್ಪಿನ ಗಾಡಿಗಳು ದಕ್ಷಿಣದಿಂದ ಬಂದು ಅಲ್ಲಿ ಹೊಳೆ ದಾಟುತ್ತಿದ್ದವು. ನೀರು ಏರಿದ್ದರೆ ಇಳಿಯುವವರೆಗೆ ಕಾಯುತ್ತಿದ್ದವು. ಕಾಯುವವರಿಗೆ ಊಟ ಬೇಕು, ಎತ್ತಿಗೆ ಹುಲ್ಲು ಬೇಕು, ಮುರಿದ ಚಕ್ರಕ್ಕೆ ಬಡಗಿ ಬೇಕು. ಊರು ಹುಟ್ಟಿದ್ದು ಹಾಗೆ. ಅನಂತರ ಏರಿನ ಮೇಲೆ ಕೋಟೆ ಗೋಡೆ ಎದ್ದಿತು, ಸಂತೆ ನಡೆಸುವ ಹಕ್ಕು ಸಿಕ್ಕಿತು, ಸೇತುವೆ ಬಂತು, ಕಡವು ಬೇಡವಾಯಿತು.

ಇಷ್ಟರವರೆಗೆ ಯಾರಿಗೂ ತಕರಾರಿಲ್ಲ. ಜಗಳ ಇರುವುದು ಕಡವು ಎಲ್ಲಿತ್ತು ಎಂಬುದರಲ್ಲಿ. ಅದು ಸೇತುವೆಯಿಂದ ಕೆಳಗಿನ ಜಲ್ಲಿಕಲ್ಲಿನ ಬಳಿ ಇದ್ದಿದ್ದರೆ ಊರು ಮೊದಲಿನಿಂದಲೂ ಈಗಿರುವಲ್ಲೇ ಇತ್ತೆಂದಾಗುತ್ತದೆ. ಗಿರಣಿಯ ಬಳಿ ಇದ್ದಿದ್ದರೆ ಮೊದಲ ಊರು ಅಲ್ಲೆಲ್ಲೋ ಇತ್ತು, ಗೋಡೆ ಕಟ್ಟಿದ ಮೇಲೆ ಜನ ಅದನ್ನು ಬಿಟ್ಟು ಇಲ್ಲಿಗೆ ಬಂದರು ಎಂದಾಗುತ್ತದೆ. ಮನೆಯೊಡತಿ ಮೂವತ್ತು ವರ್ಷ ಮಕ್ಕಳಿಗೆ ಎರಡನೆಯದನ್ನೇ ಕಲಿಸಿದ್ದರು. ಫಲಕದ ಮೇಲೆ ಬರುವುದು ಮೊದಲನೆಯದು.

ದಿನಚರಿ ನಮ್ಮ ಫ್ಲ್ಯಾಟಿನೊಳಗೆ ಯುದ್ಧಕಾಲಕ್ಕೆಂದು ಕಟ್ಟಿದ ಬಾಂಬ್ ಶೆಲ್ಟರಿನಲ್ಲಿತ್ತು. ಇಲ್ಲಿನ ಎಲ್ಲರ ಮನೆಯಂತೆ ನಮ್ಮಲ್ಲೂ ಅದು ಸಾಮಾನು ತುಂಬುವ ಕೋಣೆ. ನನ್ನ ಮಗಳ ಹಳೆಯ ಸ್ಕೂಟರ್, ಅಕ್ಕಿ ಚೀಲ, ದೀಪಾವಳಿಯ ಸರಮಾಲೆಗಳ ಹಿಂದೆ ಸೂಟ್‌ಕೇಸು. ಅದರೊಳಗೆ ನೀಲಿ ರಟ್ಟಿನ ನಾಲ್ಕು ಪುಸ್ತಕ. ಶನಿವಾರ ಬೆಳಿಗ್ಗೆ ಹುಡುಕಿ ತೆಗೆದೆ. ಎರಡನೆಯ ಪುಸ್ತಕದಲ್ಲಿ ಒಂದು ಆಗಸ್ಟ್ ತಿಂಗಳ ಪುಟ ಹೀಗಿತ್ತು:

'ಮನೆಯೊಡತಿಯ ಜೊತೆ ಹೊಳೆಗೆ. ಸೇತುವೆಯಿಂದ ಮೂಡಕ್ಕೆ ಹತ್ತು ನಿಮಿಷ ನಡೆದೆವು. ನೀರು ಮೊಣಕಾಲಿಗಿಂತ ಕೆಳಗೆ. ಕಪ್ಪು ಮರದ ತುದಿಗಳು, ಮೂರೋ ನಾಲ್ಕೋ. ಅವರು ಕಡವಿನ ಬಗ್ಗೆ ತುಂಬ ಹೊತ್ತು ಮಾತಾಡಿದರು. ಹೊಸ ಬೂಟು ಕಚ್ಚುತ್ತಿತ್ತು. ರಾತ್ರಿಗೆ ಗಂಜಿ.'

ಮರದ ತುದಿಗಳು ಇದ್ದವು. ಒಂದು ಕ್ಷಣ ಸಮಾಧಾನವಾಯಿತು. ಆಮೇಲೆ ಫೋನಿನಲ್ಲಿ ನಕ್ಷೆ ತೆರೆದೆ. ಸೇತುವೆಯಿಂದ ಮೂಡಕ್ಕೆ, ಎಂದರೆ ಪೂರ್ವಕ್ಕೆ, ಹತ್ತು ನಿಮಿಷ ನಡೆದರೆ ಸಿಗುವುದು ಸಂಘದವರು ಹೇಳುತ್ತಿರುವ ಜಲ್ಲಿಕಲ್ಲಿನ ಜಾಗ. ಗಿರಣಿ ಇರುವುದು ಪಶ್ಚಿಮಕ್ಕೆ. ಪುಟದಲ್ಲಿ ಗಿರಣಿಯ ಹೆಸರೇ ಇಲ್ಲ.

ಹಾಗಾದರೆ ನನ್ನ ಕಣ್ಣಿಗೆ ಕಟ್ಟಿದಂತಿರುವ ಚಕ್ರ? ಮನೆಯೊಡತಿಯ ಮಗಳಿಗೆ ಒಂದೇ ಸಾಲು ಬರೆದು ಕೇಳಿದೆ: ನಾನಿದ್ದಾಗ ಗಿರಣಿಯ ಚಕ್ರ ತಿರುಗುತ್ತಿತ್ತೇ? ಉತ್ತರ ಅಂದೇ ಸಂಜೆ ಬಂತು. ಚಕ್ರವನ್ನು ತಾನು ಹುಟ್ಟುವ ಮೊದಲೇ ಕಿತ್ತಿದ್ದರಂತೆ. ನಾನಿದ್ದ ಕಾಲಕ್ಕೆ ಆ ಕಟ್ಟಡ ಹಳೆಯ ಪೀಠೋಪಕರಣಗಳ ಗೋದಾಮು. 'ಆದರೆ ಅಮ್ಮನ ಅಡುಗೆಮನೆಯಲ್ಲಿ ಚಕ್ರದ ಚಿತ್ರವಿದ್ದ ಕ್ಯಾಲೆಂಡರು ಬಹಳ ವರ್ಷ ತೂಗುತ್ತಿತ್ತು' ಎಂದು ಸೇರಿಸಿದ್ದರು. ನಾನು ದಿನವೂ ಆ ಕ್ಯಾಲೆಂಡರಿನ ಕೆಳಗೆ ಕುಳಿತು ತಿಂಡಿ ತಿಂದಿದ್ದೆ. ಅಲ್ಲಿಗೆ ನನ್ನ ನೆನಪಿನ ಸಾಕ್ಷಿ ಮುಗಿಯಿತು. ಉಳಿದದ್ದು ದಿನಚರಿ. ಅದು ಮನೆಯೊಡತಿಯ ವಿರುದ್ಧ ಹೇಳುತ್ತಿತ್ತು.

ಭಾನುವಾರ ತಿಂಡಿಯ ಹೊತ್ತಿಗೆ ಗಂಡನಿಗೆ ವಿಷಯ ಹೇಳಿದೆ. ಅವರು ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ದೋಸೆ ತಿನ್ನುತ್ತಲೇ ದಿನಚರಿಯ ಪುಟ ಓದಿದರು.

"ಇದ್ರಲ್ಲೇನಿದೆ ಪ್ರಾಬ್ಲಮ್ಮು? ಅಪ್‌ಸ್ಟ್ರೀಮ್ ಅಂತ ಟ್ರಾನ್ಸ್‌ಲೇಟ್ ಮಾಡಿ ಕಳಿಸ್ಬಿಡು. ಆ ಊರಲ್ಲಿ ಕನ್ನಡ ಓದಕ್ಕೆ ಬರೋರು ಯಾರಿದಾರೆ?"

"ಬರ್ದಿರೋದು ಮೂಡು ಅಂತ ರೀ. ಪೂರ್ವ."

"ಗೊತ್ತು ಮಹಾರಾಯ್ತಿ. ಪಾಪ, ವಯಸ್ಸಾದೋರು. ಅವರು ಹೋಗಿ ಮಾತಾಡ್ಲಿ ಅಂತ ಹೇಳ್ದೆ."

ಅವರು ಹೇಳಿದ್ದು ಸುಲಭದ ದಾರಿ. ಅದು ದಯೆಯ ದಾರಿ ಕೂಡ ಆಗಿತ್ತು. ನಾನು ಪುಟ ತಿರುವುತ್ತಿದ್ದೆ. ಮುಂದಿನ ಚಳಿಗಾಲದ ಒಂದು ದಿನದ ಬರಹದಲ್ಲಿ 'ಸ್ಟೇಷನ್ನಿಗೆ ಪಡುವಣ ದಾರಿಯಲ್ಲಿ ಹೋದೆ, ಹಿಮ ಜಾರುತ್ತಿತ್ತು' ಎಂದಿತ್ತು. ಸುಮ್ಮನೆ ಗಟ್ಟಿಯಾಗಿ ಓದಿದೆ. ಗಂಡ ಫೋನಿನ ನಕ್ಷೆಯಲ್ಲಿ ಬೆರಳಾಡಿಸಿದರು.

"ಯಾವ ಸ್ಟೇಷನ್ನು? ಸ್ಟೇಷನ್ ಇರೋದು ಈಸ್ಟಲ್ಲಿ. ನೀನು ದಿನಾ ಟ್ರೇನ್ ಹತ್ತಿದ ಸ್ಟೇಷನ್ ತಾನೇ?"

ಆ ಊರಿಗೆ ಇರುವುದು ಒಂದೇ ಸ್ಟೇಷನ್. ನಾನು ಫೋನು ಕಸಿದುಕೊಂಡು ನೋಡಿದೆ. ನಿಜ, ಪೂರ್ವಕ್ಕೆ. ಎರಡು ವರ್ಷ ಪೂರ್ವಕ್ಕೆ ನಡೆದು ರೈಲು ಹತ್ತಿದವಳು ಅದನ್ನು ಪಡು ಎಂದು ಬರೆದಿದ್ದೆ.

ಗಂಡ ನಗತೊಡಗಿದರು. "ನಿಮ್ಮ ಕಡೆಯೋರ ಕಥೆನೇ ಇಷ್ಟು. ಮದ್ವೆಯಾದ ಹೊಸದರಲ್ಲಿ ನಿಮ್ಮಮ್ಮ, 'ಉಪ್ಪಿನ ಡಬ್ಬ ಪಡು ಬದಿಯಲ್ಲಿದೆ, ತಕ್ಕೊಳ್ಳಿ' ಅಂದಿದ್ರು. ನಾನು ಅಡುಗೆಮನೇಲಿ ಕಂಪಾಸ್ ಹುಡುಕ್ತಾ ನಿಂತಿದ್ದೆ."

ನಮ್ಮ ಕಡೆ ಅದು ತಮಾಷೆಯ ಮಾತಲ್ಲ. ಎಡ, ಬಲ ಎನ್ನುವುದಕ್ಕಿಂತ ಮೂಡು, ಪಡು, ತೆಂಕು, ಬಡಗು ಎನ್ನುವುದೇ ಹೆಚ್ಚು. ಮನೆ, ಗದ್ದೆ, ಮಲಗುವ ಚಾಪೆ ಎಲ್ಲಕ್ಕೂ ದಿಕ್ಕಿದೆ. ದಿಕ್ಕು ತಪ್ಪುವುದು ಸಾಧ್ಯವೂ ಇಲ್ಲ, ಏಕೆಂದರೆ ಒಂದು ಕಡೆ ಘಟ್ಟ, ಇನ್ನೊಂದು ಕಡೆ ಕಡಲು. ಹೊಳೆಗಳೆಲ್ಲ ಘಟ್ಟದಿಂದ ಇಳಿದು ಕಡಲಿಗೆ ಹೋಗುತ್ತವೆ. ಸೂರ್ಯ ಹುಟ್ಟುವ ಕಡೆ ಮೂಡು ಎಂದು ನನಗೆ ಶಾಲೆಯಲ್ಲಿ ಹೇಳಿಕೊಟ್ಟರು. ಆದರೆ ಅದಕ್ಕಿಂತ ಮೊದಲೇ ನನಗೆ ಗೊತ್ತಿದ್ದ ಮೂಡು ಗುಡ್ಡದ ಕಡೆ, ನೀರು ಬರುವ ಕಡೆ. ಜರ್ಮನಿಯ ಆ ಊರಿನಲ್ಲಿ ನೀರು ಬರುತ್ತಿದ್ದುದು ಪಶ್ಚಿಮದ ಗುಡ್ಡಗಳಿಂದ. ನಾನು ಆ ಗುಡ್ಡಗಳನ್ನು ನೋಡಿದ ಮೊದಲ ದಿನವೇ ಅದನ್ನು ಮೂಡು ಎಂದು ಹೆಸರಿಟ್ಟು ಮುಂದಕ್ಕೆ ಹೋಗಿರಬೇಕು.

ಇರಬೇಕು ಅಷ್ಟೆ. ಬೇಕಾದ ವಿವರಣೆ ಇಷ್ಟು ಬೇಗ ಕೈಗೆ ಸಿಕ್ಕಿದ್ದು ನನಗೆ ಸರಿಬರಲಿಲ್ಲ. ಮನೆಯೊಡತಿಯ ಮಾತು ನಿಜವಾಗಲಿ ಎಂಬ ಆಸೆ ನನಗಿತ್ತು. ಆಸೆಯಿಟ್ಟುಕೊಂಡು ಹುಡುಕುವವಳಿಗೆ ಒಂದು ಸ್ಟೇಷನ್ ಸಾಕಾಗಿಬಿಡುತ್ತದೆ. ಆದ್ದರಿಂದ ಒಂದು ಕ್ರಮ ಮಾಡಿದೆ. ನಕ್ಷೆಯನ್ನು ಮುಚ್ಚಿ, ನಾಲ್ಕೂ ಪುಸ್ತಕಗಳಲ್ಲಿ ಆ ಊರಿನ ಬಗ್ಗೆ ದಿಕ್ಕಿನ ಹೆಸರು ಬಂದ ವಾಕ್ಯಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಹಾಳೆ ಗಂಡನ ಕೈಯಲ್ಲಿ, ನಕ್ಷೆಯೂ ಅವರ ಕೈಯಲ್ಲಿ. ನಾನು ಮೇಜಿನ ಈಚೆ ಕುಳಿತೆ. ಯಾವುದಕ್ಕೂ ವಿವರಣೆ ಕೊಡುವಂತಿಲ್ಲ ಎಂದು ನಾನೇ ನಿಯಮ ಹಾಕಿಕೊಂಡಿದ್ದೆ.

ಒಂಬತ್ತು ವಾಕ್ಯಗಳಿದ್ದವು. ನಮ್ಮ ಮಗಳು ಸೆಕೆಂಡರಿ ಎರಡನೆಯ ವರ್ಷದವಳು. ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡುತ್ತಾ ಪೆನ್ನಿನಲ್ಲಿ ಗುರುತು ಹಾಕತೊಡಗಿದಳು.

"ಚರ್ಚ್, ರಾಂಗ್. ಸ್ಮಶಾನ, ರಾಂಗ್. ದ್ರಾಕ್ಷಿ ಗುಡ್ಡ ತೆಂಕು ಅಂತ ಬರ್ದಿದೀಯ, ತೆಂಕು ಅಂದ್ರೆ ಸೌತ್ ಅಲ್ವಾ? ಅದು ನಾರ್ತಲ್ಲಿದೆ. ಅಮ್ಮ, ಎಲ್ಲಾ ರಾಂಗ್ ಲಾ! ಹೆಂಗಮ್ಮ ನಿಂಗೆ ಡಿಗ್ರಿ ಕೊಟ್ರು?"

"ಡಿಗ್ರಿ ಕೊಟ್ಟಿದ್ದು ದಿಕ್ಕಿಗಲ್ಲ, ಸುಮ್ನೆ ಮಾರ್ಕ್ ಹಾಕು" ಎಂದೆ.

"ರಾಂಗ್ ಅಲ್ಲ ಪುಟ್ಟಿ" ಎಂದರು ಗಂಡ. ಅವರ ದನಿಯಲ್ಲಿ ಈಗ ಆಫೀಸಿನ ಆಸಕ್ತಿ ಬಂದಿತ್ತು. "ನಾರ್ತು ಸೌತೂ ತಿರುಗಿದೆ, ಈಸ್ಟು ವೆಸ್ಟೂ ತಿರುಗಿದೆ. ಇಡೀ ಮ್ಯಾಪು ಒನ್ ಎಯ್ಟಿ ರೊಟೇಟ್ ಆಗಿದೆ ಅಷ್ಟೆ. ಇದು ರ‍್ಯಾಂಡಮ್ ಮಿಸ್ಟೇಕ್ ಅಲ್ಲ. ಕನ್ಸಿಸ್ಟೆಂಟ್ ಬಗ್."

ಒಂಬತ್ತರಲ್ಲಿ ಏಳು ಸರಿಯಾಗಿ ಅರ್ಧ ಸುತ್ತು ತಿರುಗಿದ್ದವು. ಒಂದನ್ನು ಪರೀಕ್ಷಿಸಲು ಆಗಲಿಲ್ಲ. ಅದೊಂದು ಮರದ ಬಗ್ಗೆ, ಆ ಮರ ನಕ್ಷೆಯಲ್ಲಿಲ್ಲ. ಇನ್ನೊಂದು ಮಾತ್ರ ಸರಿಯಾಗಿತ್ತು. ಪಕ್ಕದ ಹಳ್ಳಿ ಪೂರ್ವಕ್ಕೆ ನಾಲ್ಕು ಕಿಲೋಮೀಟರ್ ಎಂದಿತ್ತು. ಅದನ್ನು ಬಸ್ ನಿಲ್ದಾಣದ ಬೋರ್ಡು ನೋಡಿ ಬರೆದದ್ದೆಂದು ಅದೇ ವಾಕ್ಯದಲ್ಲಿತ್ತು. ಗೂಟಗಳ ವಾಕ್ಯವನ್ನು ನಾನು ಪಟ್ಟಿಗೆ ಸೇರಿಸಿರಲಿಲ್ಲ. ಅದನ್ನೂ ಹಾಗೆಯೇ ತಿರುಗಿಸಿ ಓದಿದರೆ ಅಲ್ಲಿನ ಮೂಡು ಗಿರಣಿಯ ಕಡೆಯಾಗುತ್ತದೆ.

ಎರಡು ವರ್ಷ ಸೂರ್ಯ ಮುಳುಗುವುದನ್ನು ನಾನು ಯಾವ ಕಡೆ ನೋಡಿದೆ? ಚಳಿಗಾಲದಲ್ಲಿ ಮೋಡ, ಬೆಳಿಗ್ಗೆ ಕತ್ತಲೆಯಲ್ಲೇ ರೈಲು, ಹೀಗೆ ನೆಪಗಳನ್ನು ಹೇಳಬಹುದು. ಬೇಸಿಗೆಯ ಉದ್ದದ ಸಂಜೆಗಳಿಗೆ ನೆಪವಿಲ್ಲ. ಸಿಂಗಾಪುರಕ್ಕೆ ಬಂದ ಮೇಲೆ ದಿಕ್ಕಿನ ಗೊಡವೆಯೇ ಹೋಯಿತು. ಇಲ್ಲಿ ಬ್ಲಾಕ್ ಸಂಖ್ಯೆ, ಬಸ್ ಸಂಖ್ಯೆ, ಸ್ಟೇಷನ್ನಿನ ಯಾವ ಎಕ್ಸಿಟ್ ಎಂಬುದು ಗೊತ್ತಿದ್ದರೆ ಸಾಕು. ಈಗಿನ ದಿನಚರಿಯಲ್ಲಿ ಮೂಡು, ಪಡು ಎಂಬ ಪದಗಳೇ ಇಲ್ಲ.

ಪತ್ರ ಬರೆಯಲು ಮೂರು ಸಂಜೆ ಹಿಡಿಯಿತು. ಮೊದಲ ಕರಡಿನಲ್ಲಿ ವಾಕ್ಯವನ್ನು 'ಹೊಳೆಯ ಮೇಲಕ್ಕೆ ಹತ್ತು ನಿಮಿಷ' ಎಂದು ಅನುವಾದಿಸಿದ್ದೆ. ನನ್ನ ಮಟ್ಟಿಗೆ ಅದೇ ಅದರ ಅರ್ಥ. ಅಳಿಸಿದೆ. ಮಠದ ಸನ್ಯಾಸಿಗಳೂ ನಕಲು ಮಾಡುವಾಗ ತಮಗೆ ಗೊತ್ತಿದ್ದ ಅರ್ಥವನ್ನೇ ಬರೆದಿರಬಹುದು, ಅದರಲ್ಲಿ ಮೋಸವೇ ಇಲ್ಲದಿರಬಹುದು. ಆದರೂ ಇಷ್ಟು ಕಾಲವಾದ ಮೇಲೆ ಜನ ಅದನ್ನು ಅನುಮಾನದಿಂದ ನೋಡುತ್ತಾರೆ. ಕೊನೆಗೆ ಕಳಿಸಿದ್ದು ಇಷ್ಟು. ಪುಟದ ಫೋಟೋ. ಪದಕ್ಕೆ ಪದ ಅನುವಾದ, 'ಪೂರ್ವಕ್ಕೆ' ಎಂಬುದೂ ಸೇರಿ. ಒಂಬತ್ತು ವಾಕ್ಯಗಳ ಪಟ್ಟಿ, ಗುರುತುಗಳೊಂದಿಗೆ. ನಮ್ಮ ಕರಾವಳಿಯ ಹೊಳೆಗಳ ಬಗ್ಗೆ ಒಂದು ಪ್ಯಾರಾ. ಆಮೇಲೆ, ನನಗೆ ನೆನಪಿರುವ ಗಿರಣಿ ಚಕ್ರ ಸುಳ್ಳೆಂದು ಸಾಬೀತಾಗಿದೆ, ಆದ್ದರಿಂದ ನನ್ನ ನೆನಪನ್ನು ಸಾಕ್ಷಿಯಾಗಿ ಎಣಿಸಬೇಡಿ ಎಂಬ ಮಾತು. ನಾನು ಕಂಡದ್ದು ಮರದ ತುದಿಗಳು, ಅವು ಕಡವಿನ ಗೂಟಗಳೆಂದು ಹೇಳಿದವರು ನಿಮ್ಮ ಅಮ್ಮ ಎಂಬುದನ್ನೂ ಸೇರಿಸಿದೆ.

ಗಂಡ ಓದಿ ನೋಡಿದರು. "ಇದನ್ನ ಓದಿದ್ರೆ ಆ ಮಗಳು ಅಮ್ಮನ್ನ ಮನೇಲೇ ಕೂರಿಸ್ತಾಳೆ" ಎಂದರು.

ಅದು ನನಗೂ ಅನಿಸಿತ್ತು. ಕಳಿಸಿದೆ.

ಹನ್ನೊಂದು ದಿನ ಉತ್ತರವಿಲ್ಲ. ಜುರಾಂಗ್ ಈಸ್ಟ್‌ನ ಆಫೀಸಿನಲ್ಲಿ ಊಟದ ಹೊತ್ತಿಗೆ ದಿನವೂ ಇಮೇಲ್ ನೋಡುತ್ತಿದ್ದೆ. ಸಭೆಯ ದಿನ ನನಗೆ ಗೊತ್ತಿತ್ತು. ಅದೂ ಕಳೆಯಿತು. ಎಂಬತ್ತಾರು ವರ್ಷದ ಒಬ್ಬರು ಕೋಟು ಹಾಕಿಕೊಂಡು ಕುಳಿತಿದ್ದಾರೆ, ಸಭೆ ಮುಂದೂಡಲ್ಪಟ್ಟಿದೆ ಎಂದು ಮಗಳು ಅವರಿಗೆ ಹೇಳುತ್ತಿದ್ದಾರೆ ಎಂಬ ದೃಶ್ಯ ಮನಸ್ಸಿಗೆ ಬರುತ್ತಿತ್ತು. ಅದು ನಾನೇ ಕಟ್ಟಿಕೊಂಡದ್ದು ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಮುಂದೆಂದಾದರೂ ನೆನಪೆಂದು ಬಗೆಯದಿರಲಿ ಎಂದು.

ಹನ್ನೆರಡನೆಯ ದಿನ ಪತ್ರ ಬಂತು. ನನ್ನ ಪತ್ರ ಓದಿ ಮಗಳಿಗೂ ಏನು ಮಾಡಬೇಕೆಂದು ತೋಚಲಿಲ್ಲವಂತೆ. ಒಂದು ಮಧ್ಯಾಹ್ನ ಕಾಫಿಯ ಹೊತ್ತಿಗೆ ಪಟ್ಟಿಯ ವಿಷಯ, ಕರಾವಳಿಯ ವಿಷಯ ಏನನ್ನೂ ಹೇಳದೆ ದಿನಚರಿಯ ವಾಕ್ಯವನ್ನಷ್ಟೇ ಅಮ್ಮನಿಗೆ ಓದಿ ಹೇಳಿದರು: ಸೇತುವೆಯಿಂದ ಪೂರ್ವಕ್ಕೆ ಹತ್ತು ನಿಮಿಷ.

"ಪೂರ್ವಕ್ಕಲ್ಲ" ಎಂದರಂತೆ ಅಮ್ಮ. ಲೋಟ ಕೆಳಗಿಟ್ಟು ನಗತೊಡಗಿದರಂತೆ. "ಆ ಹುಡುಗಿಗೆ ದಿಕ್ಕೇ ಗೊತ್ತಿರಲಿಲ್ಲ. ಮೇಲಿನ ಕಿಟಕಿಯಲ್ಲಿ ನಿಂತು ಸೂರ್ಯ ಮುಳುಗೋದನ್ನ ನೋಡ್ತಾ, ಅದು ಪೂರ್ವ ಅಂತಿದ್ಳು. ನಾನು ಶಾಲೆಯ ದೊಡ್ಡ ನಕ್ಷೆ ತಂದು ಮೇಜಿನ ಮೇಲೆ ಹರಡಿದೆ. ಅವಳು ನಕ್ಷೆಯನ್ನೇ ತಿರುಗಿಸಿ ಇಟ್ಟಳು. ಈಗ ಸರಿಯಾಯ್ತು ಅಂದ್ಳು! ಅವಳ ದೇಶದಲ್ಲಿ ಹೊಳೆಗಳು ಪಶ್ಚಿಮಕ್ಕೆ ಹರೀತಾವಂತೆ. ನನ್ನ ಇಡೀ ಕೆಲಸದಲ್ಲಿ ಅಂಥ ಮೊಂಡು ವಿದ್ಯಾರ್ಥಿ ಸಿಕ್ಕಿರಲಿಲ್ಲ."

'ಗೂಟಗಳ ವಿಷಯ ನನಗೆ ಈಗಲೂ ಗೊತ್ತಿಲ್ಲ' ಎಂದು ಮಗಳು ಬರೆದಿದ್ದರು. 'ಆದರೆ ನೀವಿದ್ದ ವರ್ಷಗಳನ್ನು ಅಮ್ಮ ಕಲ್ಪಿಸಿಕೊಳ್ಳುತ್ತಿಲ್ಲ ಎಂಬುದು ಗೊತ್ತಾಯಿತು. ಕರೆದುಕೊಂಡು ಹೋದೆ.'

ಸಭೆಯಲ್ಲಿ ಮನೆಯೊಡತಿ ಇಪ್ಪತ್ತು ನಿಮಿಷ ಮಾತಾಡಿದರಂತೆ. ನಡುವೆ ಒಮ್ಮೆ ತಾವೇ ಹೇಳಿದ್ದನ್ನು ಮತ್ತೆ ಹೇಳಿದರು, ಒಂದು ಹೆಸರು ಮರೆತರು. ಅಧ್ಯಕ್ಷ ಅವರ ಹಳೆಯ ವಿದ್ಯಾರ್ಥಿ. ಸಮಯವಾಯಿತೆಂದು ಮೆಲ್ಲಗೆ ನೆನಪಿಸಿದಾಗ, "ಕೂತ್ಕೊ, ನಿನ್ನ ಸರದಿ ಬಂದಾಗ ಮಾತಾಡು" ಎಂದರು. ಜನ ನಕ್ಕರು, ಆದರೆ ಮಗಳು ಹೆದರಿದ್ದ ರೀತಿಯಲ್ಲಲ್ಲ. ಫಲಕವನ್ನು ಸದ್ಯಕ್ಕೆ ನಿಲ್ಲಿಸುವುದಿಲ್ಲ, ಮುಂದೆ ನೀರು ಇಳಿದಾಗ ಗಿರಣಿಯ ಬಳಿ ಹುಡುಕಿ, ಮರ ಸಿಕ್ಕಿದರೆ ಅದರ ವಯಸ್ಸನ್ನು ಪರೀಕ್ಷೆ ಮಾಡಿಸುವುದು ಎಂದು ತೀರ್ಮಾನವಾಯಿತು. ಏನೂ ಸಿಗದೇ ಹೋಗಬಹುದು. ಅಷ್ಟರವರೆಗೆ ಅವರು ಇರುತ್ತಾರೋ ಇಲ್ಲವೋ. ನನ್ನ ಪುಟದ ಫೋಟೋವನ್ನು ಸಂಘದ ಕಡತಕ್ಕೆ ಸೇರಿಸಿದ್ದಾರೆ. ಅದರ ಅಂಚಿನಲ್ಲಿ ಮನೆಯೊಡತಿ ತಮ್ಮ ಕೈಯಿಂದ, 'ಬರೆದವಳ ದಿಕ್ಕುಗಳು ತಿರುಗಿವೆ, ಓದುವವರು ಗಮನಿಸಿ' ಎಂದು ಬರೆದು ಸಹಿ ಹಾಕಿದ್ದಾರಂತೆ.

ಮೇಜಿನ ಮೇಲೆ ನಕ್ಷೆ ತಿರುಗಿಸಿ ಇಟ್ಟದ್ದು ನನಗೆ ನೆನಪಿಲ್ಲ. ನಾಲ್ಕೂ ಪುಸ್ತಕಗಳನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಅಂಥ ಸಂಜೆ ಎಲ್ಲಿಯೂ ಇಲ್ಲ. ಅವರೊಬ್ಬರ ಬಾಯಿಮಾತಿನ ಹೊರತು ಅದಕ್ಕೆ ಬೇರೆ ಆಧಾರವಿಲ್ಲ. ಆದರೂ ನಾನದನ್ನು ನಂಬುತ್ತೇನೆ. ಮಗಳಿಗೆ ಹಾಗೆಂದೇ ಬರೆದು, ಅಮ್ಮನಿಗೆ ಓದಿ ಹೇಳಿ ಎಂದು ಸೇರಿಸಿದೆ.